ಸೆಂಟರ್ ಬೇರಿಂಗ್ ಹೋದ ವಾರ

ಲೋಕ ತಿರುಗಿ ಬಂದವರಿಗೆ ಸ್ವಂತ ಊರಿನಲ್ಲಿ ಮಾನ ಹೋಗುವ ಪ್ರಸಂಗಗಳು ಆಗಾಗ ಬರುತ್ತವಂತೆ. ನನಗೆ ಮಾತ್ರ ಅವು ಸಂತೆ ದಿನದ ಟೆಂಪೋಗಳ ಹಾಗೆ. ಒಂದು ಹೋಗುವುದರೊಳಗೆ ಇನ್ನೊಂದು ಬಂದು ಹಾರನ್ ಹೊಡೆಯುತ್ತಿರುತ್ತದೆ.

ಹದಿನೆಂಟು ವರ್ಷ ನಾನು ಹೊಲಿಗೆ ಯಂತ್ರದ ಕಂಪನಿಯೊಂದಕ್ಕೆ ತರಬೇತಿ ಕೊಡುವವಳಾಗಿ ಶಿಲ್ಲಾಂಗಿನಿಂದ ಗುಜರಾತಿನ ಭುಜ್‌ವರೆಗೆ ಅಲೆದೆ. ನಡುವೆ ಎರಡು ವರ್ಷ ನೈರೋಬಿ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಹಗರಿಬೊಮ್ಮನಹಳ್ಳಿಯ ಅಣ್ಣನ ಮನೆಗೆ ಬಂದಿಳಿದೆ. ಒಂದು ಕಡೆ ಕೂತರೆ ನನಗೆ ಕಾಲು ಜೋಮು ಹಿಡಿಯುತ್ತದೆ. ಹದಿನೈದು ದಿನದಲ್ಲಿ ಒಂದು ಹಳೇ ಪಿಕಪ್ ಕೊಂಡೆ, ಹಿಂದೆ ಆರು ಹೊಲಿಗೆ ಯಂತ್ರ ಹೇರಿದೆ, ಊರೂರಿಗೆ ಹೋಗಿ ಹೆಂಗಸರಿಗೆ ಜಂಪರ್ ಹೊಲಿಯುವುದು ಕಲಿಸತೊಡಗಿದೆ. ಗಾಡಿ ಮಾತ್ರ ಅಣ್ಣನ ಹೆಸರಿನಲ್ಲಿತ್ತು. ನೋಂದಣಿ ಅರ್ಜಿಯಲ್ಲಿ ಕಾಯಂ ವಿಳಾಸದ ಜಾಗದಲ್ಲಿ ನಾನು ಪ್ರಾಮಾಣಿಕವಾಗಿ ಐದು ಊರು ಬರೆದಿದ್ದೆ. ಆಫೀಸಿನವರು ಕೈ ಮುಗಿದು ಅರ್ಜಿ ವಾಪಸ್ ಕೊಟ್ಟಿದ್ದರು.

ಅನ್ನದ ಗಂಟೆ

ಎರಡು ವರ್ಷ ಓಡಿದ ಮೇಲೆ ಗಾಡಿಯ ಹೊಟ್ಟೆಯಿಂದ ಗೊಳ್ ಅನ್ನುವ ಸಪ್ಪಳ ಶುರುವಾಯಿತು. ವೇಗ ನಲವತ್ತು ಮುಟ್ಟಿದರೆ ಸಾಕು, ಎಮ್ಮೆ ಹಿಂಡೊಂದು ಕೆಳಗಿನಿಂದ ಜೊತೆಗೆ ಓಡಿ ಬರುತ್ತಿದೆ ಅನ್ನಿಸುತ್ತಿತ್ತು. ಹಿಂದಿನ ಯಂತ್ರಗಳು ಅಲುಗಾಡಿ ಹೀಗಾಗುತ್ತಿದೆ ಎಂದು ನಾನು ತೀರ್ಪು ಕೊಟ್ಟೆ. ಯಂತ್ರ ಇಳಿಸಿ ಓಡಿಸಿದೆ. ಸಪ್ಪಳ ಇನ್ನೂ ಸ್ಪಷ್ಟವಾಗಿ ಕೇಳಿಸಿತು.

ಒಂದು ಸೋಮವಾರ ಅಣ್ಣ ಕರೆದು ಕೂರಿಸಿಕೊಂಡ. "ನೋಡವಾ, ಕೊಟ್ಟೂರಿನ ಇಟ್ಟಿಗಿ ಭಟ್ಟಿಯವ್ರು ಈ ಗಾಡಿ ಕೇಳ್ಯಾರ. ಬರೋ ಭಾನುವಾರ ನಾನ ಇದರಾಗ ಕುಂತು ಕೊಟ್ಟೂರಿಗೆ ಬರ್ತೀನಿ. ಈ ಸಪ್ಪಳ ಕೇಳಿಸ್ತೋ, ಗಾಡಿ ಅಲ್ಲೇ ಬಿಟ್ಟು ಬಸ್ಸಿಗೆ ಬರೋದು."

ಗಾಡಿ ಹೋದರೆ ನನ್ನ ತಿರುಗಾಟಕ್ಕೆ ಬೀಗ. ಅತ್ತಿಗೆಯ ಎದುರು ಕೂತು ಮೊರದಲ್ಲಿ ಅಕ್ಕಿ ಆರಿಸುವುದೊಂದೇ ಉಳಿಯುತ್ತದೆ. ಮರುದಿನ ಮಾಗಳ ಅನ್ನುವ ಊರಿನ ಹೊಲಿಗೆ ಕ್ಲಾಸಿನಲ್ಲಿ ಈ ದುಃಖ ತೋಡಿಕೊಂಡೆ. ಸಪ್ಪಳ ನಿಲ್ಲಿಸಲೇಬೇಕು ಎಂದಾಗ ಹೆಂಗಸರ ಮುಖ ಸಣ್ಣದಾಯಿತು. ನನ್ನ ಕಷ್ಟಕ್ಕೆ ಕರಗಿದರೆಂದು ಅಂದುಕೊಂಡೆ.

ಹಿರಿಯಳೊಬ್ಬಳು ಬಾಯಿಬಿಟ್ಟಳು. "ಹಂಗ ಮಾಡಬ್ಯಾಡ್ರಿ ಅಕ್ಕೋರ. ನಿಮ್ಮ ಗಾಡಿ ಹಡಗಲಿ ದಾಟಿದ ಕೂಡ್ಲೆ ನಮಗ ಕೇಳಸ್ತೈತಿ. ಅವಾಗ ಒಲಿ ಮ್ಯಾಲೆ ಅಕ್ಕಿ ಇಡ್ತೀವಿ. ನೀವು ಬಂದು ಮುಟ್ಟೋದ್ರಾಗ ಅನ್ನ ಬಸದು ಕುಂತಿರ್ತೀವಿ. ರಿಪೇರಿ ಮಾಡ್ಸಿದ್ರ ನಮ್ಮ ಮನಿಯಾಗ ಅಡಿಗಿ ಹೆಂಗ ಆಗ್ಬೇಕು?"

ನನ್ನ ಸಂಗೀತ ಕಛೇರಿ

ಅಂದೇ ಸಂಜೆ ಗ್ಯಾರೇಜಿಗೆ ಹೋದೆ. ನಿಂತ ಗಾಡಿಯಲ್ಲಿ ಸಪ್ಪಳ ಬರುವುದಿಲ್ಲ. ಓಡಿಸಿ ತೋರಿಸೋಣವೆಂದರೆ ಹಿಂದೆ ಗಾಲಿ ಬಿಚ್ಚಿದ ಲಾರಿಯೊಂದು ಅಡ್ಡ ನಿಂತಿತ್ತು.

"ಹೆಂಥಾ ಸಪ್ಪಳ ಬರ್ತೈತ್ರಿ?" ಅಂದ ಮೇಸ್ತ್ರಿ.

ನನಗೆ ಬರುವ ಐದು ಭಾಷೆಗಳಲ್ಲೂ ಹುಡುಕಿದೆ. ಯಾವುದರಲ್ಲೂ ಪದ ಸಿಗಲಿಲ್ಲ. ಕೊನೆಗೆ ಗಂಟಲು ಸರಿಮಾಡಿಕೊಂಡು ನಾನೇ ಆ ಸಪ್ಪಳ ಮಾಡಿದೆ. "ಗೊಳ್ಳ್ಳ್… ಗೊರ್ರ್ರ್…"

ಮೇಸ್ತ್ರಿ ಗಂಭೀರವಾಗಿ ತಲೆಯಾಡಿಸಿದ. "ಏರು ಹತ್ತೋ ಮುಂದ?"

ಧ್ವನಿ ಏರಿಸಿ ಮಾಡಿದೆ.

"ಇಳಕಲಿನಾಗ?"

ಇಳಿಸಿ ಮಾಡಿದೆ. ತನ್ಮಯತೆಯಲ್ಲಿ ಕೈಗಳು ಸ್ಟೇರಿಂಗ್ ತಿರುಗಿಸುತ್ತಿದ್ದವು, ಬಲಗಾಲು ನೆಲ ಒತ್ತುತ್ತಿತ್ತು. ಮುಗಿಸಿ ಹಿಂತಿರುಗಿ ನೋಡಿದರೆ ಚಹಾದಂಗಡಿಯವರು, ಇಬ್ಬರು ಲಾರಿ ಡ್ರೈವರುಗಳು, ನನ್ನ ಶಿಷ್ಯೆಯೊಬ್ಬಳ ಗಂಡ ಎಲ್ಲರೂ ಸಾಲಾಗಿ ನಿಂತಿದ್ದರು.

"ಸೆಂಟರ್ ಬೇರಿಂಗ್ ಹೋಗೈತ್ರಿ ಅಕ್ಕೋರ," ಅಂದ ಮೇಸ್ತ್ರಿ. "ಎಂಜಿನ್ನಿಂದ ಹಿಂದಿನ ಗಾಲಿಗೆ ಹೋಗೋ ಉದ್ದನ ಶಾಫ್ಟ್ ಐತಲ್ಲ, ಅದನ್ನ ನಟ್ಟ ನಡುವ ಹಿಡ್ಕೊಂಡಿರೋದು ಅದ. ಅದರ ಸುತ್ತಿನ ರಬ್ಬರ್ ಹರದೈತಿ. ಹೊಸದು ತಂದುಕೊಟ್ರ ಶನಿವಾರ ಹಾಕಿಕೊಡ್ತೀನಿ."

ನನಗೆ ಹೆಮ್ಮೆಯಾಯಿತು. "ಯಾವ ಸಪ್ಪಳಕ್ಕ ಗೊತ್ತಾತ್ರಿ? ಏರಿಂದಕ್ಕೋ, ಇಳಕಲಿಂದಕ್ಕೋ?"

"ಮೊದಲನೇದಕ್ಕ ಗೊತ್ತಾತ್ರಿ. ಉಳಿದಿದ್ದು, ಇವ್ರು ಪಾಪ ದೂರದಿಂದ ಎದ್ದು ಬರಾಕ ಹತ್ತಿದ್ರಲ್ಲ, ಅದಕ್ಕ ಮಾಡಿಸಿದೆ."

ತೋಳಿಲ್ಲದ ಜಂಪರ್

ಸಾಮಾನಿನ ಹೆಸರು, ಗಾಡಿಯ ಮಾಡೆಲ್ಲು ಎಲ್ಲ ಮೇಸ್ತ್ರಿ ಒಂದು ಚೀಟಿಯಲ್ಲಿ ಗೀಚಿಕೊಟ್ಟ. ಆ ಅಕ್ಷರ ನನಗೆ ಹಿಡಿಸಲಿಲ್ಲ. ನಾನು ಅಳತೆ ನಂಬುವವಳು. ಗಾಡಿ ಕೆಳಗೆ ತೂರಿ, ಟೇಪು ಹಿಡಿದು ಬೇರಿಂಗಿನ ಅಳತೆ ತೆಗೆದೆ. ನೋಟ್‌ಬುಕ್ಕಿನಲ್ಲಿ ಚಂದದ ಚಿತ್ರ ಬರೆದೆ. ಚೀಟಿಯನ್ನು ಚೀಲದ ತಳಕ್ಕೆ ಹಾಕಿ ಬುಧವಾರ ಬಸ್ಸು ಹತ್ತಿ ಕೂಡ್ಲಿಗಿಗೆ ಹೋದೆ.

ಅಂಗಡಿಯವನು ನನ್ನ ಚಿತ್ರವನ್ನು ಬೆಳಕಿಗೆ ಹಿಡಿದ. ತಿರುಗಿಸಿದ. ಕನ್ನಡಕ ಹಾಕಿಕೊಂಡ. ನಾನೂ ಬಗ್ಗಿ ನೋಡಿದೆ. ಕೈ ಅಭ್ಯಾಸ ನೋಡಿ, ಬೇರಿಂಗಿನ ಹೊರಸುತ್ತಿಗೆ "ಎದೆ", ಒಳಸುತ್ತಿಗೆ "ಕೊರಳು", ಬೋಲ್ಟ್ ಕೂರುವ ಕಡೆ "ಹೆಗಲು" ಎಂದು ಬರೆದಿದ್ದೆ. ಮೂಲೆಯಲ್ಲಿ "ಅರ್ಧ ಇಂಚು ಬಿಟ್ಟು ಕತ್ತರಿಸುವುದು" ಎಂಬ ಸೂಚನೆ ಬೇರೆ.

"ಎಲ್ಲಾ ಸರಿ ಐತ್ರಿ ಮೇಡಮ್ಮಾರ," ಅಂದ. "ತೋಳು ಗಿಡ್ಡನ್ನದು ಇಡ್ಲೋ, ಉದ್ದನ್ನದೋ?"

ಆರು ವರ್ಷದ ಸೇವೆ

ಚೀಟಿ ಹೊರಗೆ ತೆಗೆದೆ. ಗುರುವಾರ ಕೊಟ್ಟೂರಿನವರು ಅದನ್ನು ಓದಿ, "ಹಡಗಲ್ಯಾಗ ಸಿಗ್ತೈತಿ" ಅಂದರು. ಹಡಗಲಿಯವರು, "ಅಯ್ಯ, ಕೊಟ್ಟೂರಾಗ ಬಿಟ್ಟು ಇಲ್ಲಿಗ್ಯಾಕ ಬಂದ್ರಿ?" ಅಂದರು. ಶುಕ್ರವಾರ ಉಳಿದದ್ದು ಹರಪನಹಳ್ಳಿ ಒಂದೇ. ಭಾನುವಾರಕ್ಕೆ ಇನ್ನೆರಡೇ ದಿನ.

ಅಲ್ಲಿನ ಹಳೇ ಸ್ಪೇರ್ ಅಂಗಡಿಯ ಯಜಮಾನ ಚೀಟಿ ನೋಡಿ ಕೈ ತಿರುವಿದ. "ಆ ಮಾಡ್ಲು ಈಗ ಎಲ್ಲಿ ಬರ್ತೈತಕ್ಕಾ? ನಮ್ಮಲ್ಲಂತೂ ಇಲ್ಲ. ಬಿಸಿಲಾಗೆ ಬಂದೀರಿ, ನೀರು ಕುಡೀರಿ."

ಕುಡಿದೆ. ಒಂದು ಲೋಟಕ್ಕೆ ದುಃಖ ಇಳಿಯಲಿಲ್ಲ. ಇನ್ನೊಂದು ಕೇಳಿದೆ. ಲೋಕದಲ್ಲಿ ನಾನು ಕಂಡ ದೊಡ್ಡ ದೊಡ್ಡ ಅಂಗಡಿಗಳನ್ನೆಲ್ಲ ನೆನೆದು, ಸಾಮಾನು ಇಡಬೇಕಾದ ರೀತಿಯ ಬಗ್ಗೆ ಅವನಿಗೆ ಸಣ್ಣ ಉಪನ್ಯಾಸ ಕೊಟ್ಟೆ. ಮೂರನೇ ಲೋಟಕ್ಕೆ ಕೊಡದ ನೀರು ತಳ ಕಂಡಿತು. ಅವನು ಕೊಡ ಎತ್ತಿ ಬಗ್ಗಿಸಿದ. ಕೊಡದ ಕೆಳಗೆ, ಅದು ಉರುಳದಂತೆ ಇಟ್ಟ ಸಿಂಬೆ ಕಾಣಿಸಿತು. ಹುಲ್ಲಿನದಲ್ಲ. ಸುತ್ತ ದಪ್ಪ ರಬ್ಬರು, ನಡುವೆ ಕಬ್ಬಿಣ, ಎರಡು ಪಕ್ಕಕ್ಕೆ ಹೆಗಲು. ನನ್ನ ಚಿತ್ರವೇ ಎದ್ದು ಬಂದ ಹಾಗಿತ್ತು.

"ಅದೇ!" ಎಂದು ಕೂಗಿದೆ.

ಅವನು ಅದನ್ನು ತಿರುಗಿಸಿ ನೋಡಿ ನನಗಿಂತ ಹೆಚ್ಚು ಆಶ್ಚರ್ಯಪಟ್ಟ. "ಆರು ವರ್ಷದಿಂದ ಯಾರೂ ಕೇಳ್ಲಿಲ್ಲ ಕಣಕ್ಕಾ, ಅದಕ್ಕೆ ಇಲ್ಲಿಟ್ಟಿದ್ದೆ."

"ಆರು ವರ್ಷ ಬಳಸಿದ್ದು ಅಂದ ಮೇಲೆ ಹೊಸದು ಹೆಂಗಾಗ್ತೈತಿ?" ಎಂದು ನಾನು ಬಿಗಿಯಾದೆ.

ಅವನಿಗೆ ನಿಜಕ್ಕೂ ಬೇಜಾರಾಯಿತು. "ಬೇರಿಂಗು ಹಳೇದಾಗೋದು ತಿರುಗಿದ್ರೆ ಅಲ್ವೇನಕ್ಕಾ? ಇದು ಕೂತ ಜಾಗ ಬಿಟ್ಟು ಕದಲಿಲ್ಲ. ತಿರುಗಿ ತಿರುಗಿ ಸವೆದಿರೋರು ನೀವು."

ನಾಸ್ತಿಕಳ ಪೂಜೆ

ಶನಿವಾರ ಮಧ್ಯಾಹ್ನ ಗ್ಯಾರೇಜಿಗೆ ಹೋದಾಗ ಮೇಸ್ತ್ರಿ ಹೊಸ ಬೇರಿಂಗನ್ನು ಶಾಫ್ಟಿಗೆ ಬಡಿದು ಕೂರಿಸಿ ಊಟಕ್ಕೆ ಹೋಗಿದ್ದ. ಶಾಫ್ಟು ಎರಡು ತುಂಡಾಗಿ ಗೋಣಿಚೀಲದ ಮೇಲೆ ಮಲಗಿತ್ತು. ಎರಡೂ ತುಂಡಿನ ತುದಿಗೆ ಒಂದೊಂದು ಕಡೆ ವಿಭೂತಿಯ ಮೂರು ಗೆರೆ. ಕೆಲಸಕ್ಕೆ ಮುಂಚೆ ಪೂಜೆ ಮಾಡಿದ್ದಾನೆ ಅಂದುಕೊಂಡೆ.

ಹೇಳಿಬಿಡುತ್ತೇನೆ: ದೇವರ ವಿಷಯದಲ್ಲಿ ನಾನು ಊರಿಗೆಲ್ಲ ತಿಳಿದ ಬಾಯಿಬಡುಕಿ. ಗಾಲಿಗೆ ನಿಂಬೆಹಣ್ಣು ಇಡುವ ಅತ್ತಿಗೆಯನ್ನು ಎಷ್ಟು ಸಲ ಗೇಲಿ ಮಾಡಿಲ್ಲ! ಆದರೆ ಮರುದಿನ ಭಾನುವಾರ. ಸುತ್ತ ಯಾರೂ ಇರಲಿಲ್ಲ. ಗೋಡೆಯ ಗೂಡಿನಲ್ಲಿ ವಿಭೂತಿ ಗಟ್ಟಿ ಇತ್ತು, ಪಕ್ಕದಲ್ಲಿ ನೀರೂ ಇತ್ತು.

ಮೂರು ಬೆರಳು ಅದ್ದಿ ಶಾಫ್ಟಿನ ಇನ್ನೊಂದು ಕಡೆಗೂ ಎಳೆದೆ. ಒಂದು ಬದಿ ಖಾಲಿ ಕಂಡಿತು, ಅಲ್ಲಿಗೂ ಎಳೆದೆ. ಅಂತರ ಹೆಚ್ಚುಕಡಿಮೆ ಆದ ಹಾಗಿತ್ತು. ಅರ್ಧಂಬರ್ಧ ಕೆಲಸ ನನ್ನ ಕಣ್ಣಿಗೆ ಆಗದು. ಚೀಲದಿಂದ ಟೇಪು ತೆಗೆದು, ಒರೆಸಿ, ಅಳೆದು, ಎರಡೂ ತುಂಡಿನ ಸುತ್ತ ಆರಾರು ಕಡೆ ಸಮನಾಗಿ ಮೂರು ಮೂರು ಗೆರೆ ಹಚ್ಚಿ ಮುಗಿಸಿದೆ. ಹೊಸ ಪರದೆಯ ಅಂಚಿನಷ್ಟು ಚೊಕ್ಕ. ಗುಟ್ಟಾಗಿ ಒಂದು ನಮಸ್ಕಾರವೂ ಆಯಿತು.

ಮೇಸ್ತ್ರಿ ಊಟ ಮುಗಿಸಿ ಬಂದ. ಶಾಫ್ಟ್ ನೋಡಿ ನಿಂತ. ಒಂದು ತುಂಡು ಉರುಳಿಸಿದ, ಇನ್ನೊಂದು ಉರುಳಿಸಿದ. ಹಣೆಗೆ ಕೈ ಹೋಯಿತು.

"ಇದಕ್ಕ ಯಾರು ಈಬತ್ತಿ ಹಚ್ಚಿದ್ರು?"

"ಪೂಜಿ ಅರ್ಧಕ್ಕ ನಿಂತಿತ್ತು, ಅದಕ್ಕ…" ಅಂದೆ.

"ಪೂಜಿ ಅಲ್ರೀ! ಚಾಕ್‌ಪೀಸ್ ಇರ್ಲಿಲ್ಲ, ಅದಕ್ಕ ಗುರುತಿಗೆ ಹಚ್ಚಿದ್ದೆ. ಬಿಚ್ಚೋ ಮುಂದ ಯಾವ ಹಲ್ಲಿಗೆ ಯಾವ ಹಲ್ಲು ಕುಂತಿತ್ತೋ ಅಲ್ಲೇ ತಿರುಗಿ ಕುಂದ್ರಬೇಕು. ಇಲ್ಲಂದ್ರ ಗಾಡಿ ಗಡಗಡ ನಡುಗತೈತಿ. ಇದರಾಗ ನಂದು ಯಾವ್ದು ಅಂತ ಹುಡುಕ್ಲಿ?"

ನನಗೆ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು. ಮೇಸ್ತ್ರಿ ಕುಕ್ಕುರುಗಾಲಲ್ಲಿ ಕೂತು ಗೆರೆಗಳನ್ನೇ ನೋಡುತ್ತಿದ್ದ.

"ಅಲ್ರೀ ಅಕ್ಕೋರ, ನಿಮಗ ದೇವ್ರ ಮ್ಯಾಲೆ ನಂಬಿಕಿ ಇಲ್ಲ ಅಂತಿದ್ರಲ್ಲ?"

"ಇಲ್ಲ," ಅಂದೆ ಸಣ್ಣಗೆ.

"ಇಲ್ದಾಗ ಇಷ್ಟು. ಇದ್ದಿದ್ರ ನನಗ ಶಾಫ್ಟೇ ಸಿಗ್ತಿರ್ಲಿಲ್ಲ."

ಭಾನುವಾರ

ಮೇಸ್ತ್ರಿ ಕಣ್ಣಂದಾಜಿನಲ್ಲಿ ಹಲ್ಲು ಕೂಡಿಸಿ, ಓಡಿಸಿ, ಬಿಚ್ಚಿ, ಮತ್ತೆ ಕೂಡಿಸಿದ. ಮೊದಲ ಸಲ ಗಾಡಿ ಎಷ್ಟು ನಡುಗಿತೆಂದರೆ ಕನ್ನಡಿಯಲ್ಲಿ ನಾನು ಇಬ್ಬರಾಗಿ ಕಂಡೆ. ಎರಡನೇ ಸಲ ಒಬ್ಬಳೂವರೆ. ನಾಲ್ಕನೇ ಸಲಕ್ಕೆ, ಹೊತ್ತು ಮುಳುಗುವ ಮುಂಚೆ, ಗಾಡಿ ನೀರಿನಲ್ಲಿ ಹೋದ ಹಾಗೆ ಹೋಯಿತು. ಮೇಸ್ತ್ರಿ ಈ ಬಾರಿ ಉಳಿಯಿಂದ ಗುರುತು ಕೊರೆದ, ಕೊರೆಯುವಾಗ ನನ್ನನ್ನು ಹೊರಗೆ ನಿಲ್ಲಿಸಿದ.

ಮರುದಿನ ಅಣ್ಣ ಟವೆಲ್ ಕೊಡವಿ ಮುಂದಿನ ಸೀಟಿನಲ್ಲಿ ಕೂತ. ಕಣ್ಣು ಮುಚ್ಚಿ ಕಿವಿ ಇಟ್ಟ. ನಲವತ್ತು ದಾಟಿತು, ಸಪ್ಪಳವಿಲ್ಲ. ಐವತ್ತು, ಇಲ್ಲ. ಎರಡು ವರ್ಷ ಒಂದೇ ಮನೆಯಲ್ಲಿದ್ದರೂ ನಾನು ಮನೆ ಸೇರುತ್ತಿದ್ದದ್ದು ಊಟಕ್ಕೆ, ನಿದ್ದೆಗೆ. ಅಣ್ಣ ತಂಗಿ ಹೀಗೆ ಪಕ್ಕದಲ್ಲಿ ಕೂತು ಎಷ್ಟು ಕಾಲವಾಗಿತ್ತು! ಸುಮ್ಮನಿರಲು ಆಗಲಿಲ್ಲ. ಶಿಲ್ಲಾಂಗಿನ ಮಳೆಯಿಂದ ಶುರು ಮಾಡಿದೆ. ಅಲ್ಲಿನ ಮನೆ ಒಡತಿ, ಅವಳ ಮೂವರು ಸೊಸೆಯರು, ಅವರಲ್ಲಿ ನಡುವಿನವಳ ತವರು. ಭುಜ್‌ನ ಒಂಟೆಗೆ ಬರುವಾಗ ಅಣ್ಣ ಕಣ್ಣು ತೆರೆದಿದ್ದ. ನೈರೋಬಿಯಲ್ಲಿ ಪಕ್ಕದ ಮನೆಯ ಕೋಳಿ ನನ್ನ ಪಾಸ್‌ಪೋರ್ಟ್ ಮೇಲೆ ಕಾವಿಗೆ ಕೂತ ಕಥೆಗೆ ಅವನು ಬಗ್ಗಿ ಗಾಡಿಯ ನೆಲಕ್ಕೆ ಕಿವಿ ಹಚ್ಚಿದ.

"ಸಪ್ಪಳ ಏನರ ಕೇಳ್ತೈತೇನಣ್ಣಾ?"

"ಇಲ್ಲವಾ," ಅಂದ. "ಕೇಳಿದ್ರ ಚಲೋ ಇತ್ತು."

ಕೊಟ್ಟೂರಿನ ಚಹಾದಂಗಡಿ ಮುಂದೆ ಭಟ್ಟಿಯವನು ಕಾಯುತ್ತಿದ್ದ. ನಾನು ಎಂಜಿನ್ ಆರಿಸಿ, ಎರಡೂ ಕೈಯಲ್ಲಿ ಸ್ಟೇರಿಂಗ್ ಬಿಗಿಯಾಗಿ ಹಿಡಿದು ಕೂತೆ. ಅಣ್ಣ ಇಳಿದ.

"ಏನ್ ಯಜಮಾನ್ರ, ಸಪ್ಪಳ ಐತೋ ಇಲ್ಲೋ?"

"ಗಾಡಿದು ಇಲ್ಲ."

"ಹಂಗಾರ ಇನ್ನೂ ಚಲೋ ಆತು. ಇವತ್ತ ಬಿಟ್ಟು ಹೋಗ್ರಿ ಮತ್ತ."

ಅಣ್ಣ ಗಾಡಿಯನ್ನು ನೋಡಿದ. ನನ್ನನ್ನು ನೋಡಿದ. ಬಹಳ ಹೊತ್ತು ನೋಡಿದ. "ಇಲ್ರೀ, ಕೊಡಂಗಿಲ್ಲ," ಅಂದ.

ನನ್ನ ಕಣ್ಣು ತುಂಬಿ ಬಂತು. ಕೊನೆಗೂ ತಂಗಿಯ ಮನಸ್ಸು ಇವನಿಗೆ ತಿಳಿಯಿತಲ್ಲ ಎಂದು ಸೆರಗಿನಿಂದ ಮೂಗು ಒರೆಸಿಕೊಂಡೆ.

"ಯಾಕ್ರೀ, ಗಾಡಿ ಕೊಡ್ತೀನಂತ ಮಾತು ಕೊಟ್ಟಿದ್ರಲ್ಲ?" ಅಂದ ಭಟ್ಟಿಯವನು.

ಅಣ್ಣ ಅವನ ಹೆಗಲ ಮೇಲೆ ಕೈ ಹಾಕಿ ನಾಲ್ಕು ಹೆಜ್ಜೆ ಆಚೆ ಕರೆದೊಯ್ದ. ಧ್ವನಿಯನ್ನೂ ತಗ್ಗಿಸಿದ. ಆದರೂ ಪ್ರತಿ ಅಕ್ಷರ ನನಗೆ ಕೇಳಿಸಿತು.

"ತಪ್ಪು ತಿಳೀಬ್ಯಾಡ್ರಿ. ಇದನ್ನ ನಿಮಗ ಕೊಟ್ರ ಈಕಿ ಮನ್ಯಾಗ ಇರ್ತಾಳ."