ಐದಡಿಯ ಚಿಕ್ಕಮ್ಮ

ನಮ್ಮ ಮನೆತನದಲ್ಲಿ ಅತಿ ಹೆಚ್ಚು ದೇವಸ್ಥಾನ ನೋಡಿದವರು ನನ್ನ ಚಿಕ್ಕಮ್ಮ. ಅತಿ ಕಡಿಮೆ ಪುಣ್ಯ ಸಂಪಾದಿಸಿದವರೂ ಅವರೇ! ಹೋದಲ್ಲೆಲ್ಲ ದೇವರಿಗೆ ಬೆನ್ನು ಹಾಕಿ, ಕಂಬದ ಪಕ್ಕ ನಿಂತು, ಗಂಡ ಸಾಕು ಅನ್ನುವವರೆಗೆ ಅಲುಗಾಡದೆ ಇದ್ದು ಬಂದವರಿಗೆ ಪುಣ್ಯ ಎಲ್ಲಿಂದ ಬರಬೇಕು? ಇದಕ್ಕೆಲ್ಲ ಕಾರಣ ನಮ್ಮ ಚಿಕ್ಕಪ್ಪ.

ಚಿಕ್ಕಪ್ಪ ವಿಶ್ವವಿದ್ಯಾಲಯವೊಂದರ ಕಲಾ ಇತಿಹಾಸ ಅಧ್ಯಯನ ಕೇಂದ್ರದಲ್ಲಿ ಫೋಟೋಗ್ರಾಫರ್. ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರಲ್ಲಿ ಅವರ ಕೇಂದ್ರ. ದೇಶದ ಗುಡಿ, ಶಿಲ್ಪಗಳ ಮೇಲೆ ಸಂಶೋಧನೆ ಮಾಡುವವರೆಲ್ಲ ಅಲ್ಲಿಗೆ ಬಂದು ಇವರು ತೆಗೆದ ಫೋಟೋ ನೋಡಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಆದರೆ ಬರೀ ಫೋಟೋದಲ್ಲಿ ಕಂಬ ಆಳೆತ್ತರವೋ ಮೊಣಕಾಲೆತ್ತರವೋ ತಿಳಿಯುವುದಿಲ್ಲ. ಎತ್ತರ ಗೊತ್ತಿರುವ ಏನನ್ನಾದರೂ ಪಕ್ಕದಲ್ಲಿಡಬೇಕು. ಬೇರೆಯವರು ಕೊಡೆ ಇಟ್ಟರು. ಚಿಕ್ಕಪ್ಪ ಹೆಂಡತಿಯನ್ನು ನಿಲ್ಲಿಸಿದರು.

ಚಿಕ್ಕಮ್ಮ ಸರಿಯಾಗಿ ಐದಡಿ. ಹೆಣ್ಣು ನೋಡಲು ಹೋದಾಗ ಹಾಡು ಬರುತ್ತದೆಯೇ ಎಂದು ಚಿಕ್ಕಪ್ಪ ಕೇಳಲೇ ಇಲ್ಲವಂತೆ. "ಸ್ವಲ್ಪ ಬಾಗಿಲ ಪಕ್ಕ ನಿಂತ್ಕೋತೀರಾ?" ಅಂದರಂತೆ! ಮದುವೆಯಾದ ಮೇಲೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಚಿಕ್ಕಮ್ಮ ಆಸೆಪಟ್ಟು ಕೊಂಡ ಎತ್ತರ ಹಿಮ್ಮಡಿಯ ಚಪ್ಪಲಿ ಮಾರನೇ ದಿನವೇ ಅಂಗಡಿಗೆ ವಾಪಸಾಯಿತು. ಹೆಂಡತಿ ಎತ್ತರವಾದರೆ ಮಂಟಪ ಕುಳ್ಳಗಾಗುತ್ತದಂತೆ.

"ಕ್ಯಾಮೆರಾ ನೋಡ್ಬೇಡ ಕಣೇ," ಎಂಬುದು ಚಿಕ್ಕಪ್ಪನ ಇನ್ನೊಂದು ಕಟ್ಟಳೆ. "ಓದೋರ ಕಣ್ಣು ಕಂಬ ಬಿಟ್ಟು ನಿನ್ನ ಮೇಲೆ ಹೋಗುತ್ತೆ."

ಇದು ಹೊಗಳಿಕೆಯೋ ಬೈಗುಳವೋ ಎಂದು ಚಿಕ್ಕಮ್ಮ ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ.

ಒಮ್ಮೆ ಶಿವಾಜಿನಗರಕ್ಕೆ ಹಳೆಯ ಬೀರು ಕೊಳ್ಳಲು ಹೋದೆವು. ಅಂಗಡಿಯ ಸಾಹೇಬರು ಟೇಪು ತೆಗೆದರು. ಚಿಕ್ಕಪ್ಪ ಅದು ಬೇಡವೆಂದು ಚಿಕ್ಕಮ್ಮನನ್ನು ಬೀರುವಿನ ಪಕ್ಕ ನಿಲ್ಲಿಸಿ, ರಸ್ತೆಯಾಚೆ ಹೋಗಿ, ಒಂದು ಕಣ್ಣು ಮುಚ್ಚಿ ನೋಡಿ, "ಆರಡಿ" ಎಂದು ಕೂಗಿದರು. ಸಾಹೇಬರು ಅಳೆದು ನೋಡಿದರೆ ಆರಡಿಯೇ!

"ಅಮ್ಮಾನ ಒಂದಿನ ಇಲ್ಲೇ ಬಿಟ್ಟೋಗಿ ಸಾರ್," ಅಂದರು ಸಾಹೇಬರು. "ಗೋಡೌನ್ ಪೂರಾ ಅಳ್ತೆ ಆಗೋಗ್ಲಿ."

ಚಿಕ್ಕಮ್ಮನ ಖ್ಯಾತಿಯೇನು ಕಡಿಮೆಯೇ? ಹೊರರಾಜ್ಯದ ಸಂಶೋಧಕನೊಬ್ಬ ಕಾಕ್ಸ್ ಟೌನಿನ ಚಿಕ್ಕಪ್ಪನ ಮನೆಗೆ ಊಟಕ್ಕೆ ಬಂದವನು ಅವರನ್ನು ಕಂಡೊಡನೆ ಎದ್ದು ಕೈಮುಗಿದ. ಅವನ ಪ್ರಬಂಧದ ಫೋಟೋಗಳ ತುಂಬ ಇವರೇ ಇದ್ದಾರಂತೆ. ಚಿಕ್ಕಪ್ಪ ಅದನ್ನು ಕನ್ನಡದಲ್ಲಿ ತಿಳಿಸಿದಾಗ ಚಿಕ್ಕಮ್ಮ, "ಯಾವ ಸೀರೇಲಿದೀನಂತೆ?" ಎಂದು ಕೇಳಿ ಅವನಿಗೆ ಇನ್ನೊಂದು ಹೋಳಿಗೆ ಬಡಿಸಿದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕೇಂದ್ರಕ್ಕೆ ಡಿಜಿಟಲ್ ಕ್ಯಾಮೆರಾ ಬಂತು, ಹೊಸ ನಿರ್ದೇಶಕರೂ ಬಂದರು. ಇನ್ನು ಮೇಲೆ ಫೋಟೋಗೆ ಮನುಷ್ಯರು ಬೇಡ, ಅಳತೆಗೋಲೇ ಇರಬೇಕು ಎಂದು ಅಪ್ಪಣೆಯಾಯಿತು. ಕಪ್ಪು ಬಿಳಿ ಪಟ್ಟೆಯ ಕೋಲೊಂದು ಮನೆಗೆ ಬಂತು. ಆಗ ನಾನೂ ಅವರ ಮನೆಯಲ್ಲೇ ಇದ್ದೆ.

"ಸದ್ಯ, ಕಾಲುನೋವು ತಪ್ತು," ಅಂದರು ಚಿಕ್ಕಮ್ಮ.

ಆದರೆ ಚಿಕ್ಕಪ್ಪ ಕೋಲು ಹಿಡಿದು ಕೆ.ಆರ್. ಪುರದ ಬಸ್ಸು ಹತ್ತಲು ಒಬ್ಬರೇ ಹೊರಟ ಬೆಳಿಗ್ಗೆ ಚಿಕ್ಕಮ್ಮನ ಮುಖ ನೋಡಲಾಗಲಿಲ್ಲ. "ಇಷ್ಟು ವರ್ಷ ಬಿಸಿಲಲ್ಲಿ ನಿಂತೆ ಕಣೋ. ನನ್ನ ಕೆಲ್ಸಾನ ಒಂದು ಕೋಲು ಮಾಡುತ್ತೆ ಅಂದ್ರೆ ಬೇಜಾರಾಗಲ್ವಾ?" ಎಂದರು.

ಮಧ್ಯಾಹ್ನಕ್ಕೆಲ್ಲ ಚಿಕ್ಕಪ್ಪ ವಾಪಸು ಬಂದರು. ಒಂದು ಫೋಟೋ ಕೂಡ ತೆಗೆದಿರಲಿಲ್ಲ. ಹೊರಗೆ ತಲೆ ಸುಡುವ ಬಿಸಿಲು. ಇವರು ಮಾತ್ರ, "ಬೆಳಕು ಸರಿಯಿರ್ಲಿಲ್ಲ," ಅಂದು ಕೋಲನ್ನು ಮೂಲೆಗೆ ಒರಗಿಸಿದರು.

ಮಾರನೇ ದಿನ ಕಾಫಿ ಮುಗಿಸಿ ಹೆಂಡತಿಯನ್ನು ಕರೆದರು. "ಹೊರಡೇ, ಹೊತ್ತಾಯ್ತು."

"ಕೋಲಿದ್ಯಲ್ರೀ."

"ಅದನ್ನ ಹಿಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ. ಕೋಲು ತಾನಾಗೇ ನಿಂತ್ಕೊಳ್ಳುತ್ತಾ?"

ಆ ಕೋಲಿನ ಜೊತೆಗೆ, ಅದನ್ನು ನೆಟ್ಟಗೆ ನಿಲ್ಲಿಸಲು ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್ ಕೂಡ ಬಂದಿತ್ತು. ಹಿಂದಿನ ಸಂಜೆ ಚಿಕ್ಕಪ್ಪ ಅದನ್ನು ಬಿಚ್ಚಿ ಮಂಚದಡಿಗೆ ತಳ್ಳಿದ್ದನ್ನು ನಾನೇ ನೋಡಿದ್ದೆ. ಬೆಳಿಗ್ಗೆ ಮಂಚದಡಿ ಕಸ ಗುಡಿಸಿದವರು ಚಿಕ್ಕಮ್ಮ. ಅವರು ಸ್ಟ್ಯಾಂಡಿನ ಮಾತೇ ಎತ್ತಲಿಲ್ಲ. ಮೊಸರನ್ನದ ಡಬ್ಬಿಯನ್ನು ಚೀಲಕ್ಕೆ ಹಾಕಿ, ಕೋಲನ್ನು ಹೆಗಲ ಮೇಲಿಟ್ಟುಕೊಂಡು, ಗಂಡನಿಗಿಂತ ಮುಂದಾಗಿ ಗೇಟು ದಾಟಿದರು.