ಕೆರೆಯ ದಂಡೆಯಲ್ಲಿ ರೈಟರ್ ದಾಸಯ್ಯನ ಹಾಜರಿ

ಈ ಕತೆಯನ್ನು ಮೊದಲು ಹೇಳಿದವರು ಹೊಂಗಡಹಳ್ಳದ ಇಂದ್ರಮ್ಮ. ೧೯೯೯ರ ಜನವರಿಯ ಒಂದು ಸಂಜೆ, ಕಣದ ಕಾಫಿಯನ್ನು ಗುಡ್ಡೆ ಮಾಡಿ ಮುಚ್ಚಿದ ಮೇಲೆ. ಕೇಳಲು ಆರೇಳು ಹೆಂಗಸರಿದ್ದರು.

ರೈಟರ್ ದಾಸಯ್ಯ ಕಾಫಿ ಎಸ್ಟೇಟಿನಲ್ಲಿ ಮೂವತ್ತೆರಡು ವರ್ಷ, ದಿನವೂ ಬೆಳಗಿನ ಆರಕ್ಕೆ ಗಂಟೆ ಬಾರಿಸಿ ಆಳುಗಳ ಹಾಜರಿ ಹಿಡಿದವನು. ನಿವೃತ್ತನಾದ ದಿನ ಧಣಿ ಪ್ರತಾಪ್ ಅವನಿಗೊಂದು ಉಡುಗೊರೆ ಕೊಟ್ಟರು: ಆಲೂರಿನಾಚೆ ಕೆರೆಯ ದಂಡೆಯಲ್ಲಿ, ಹಿಂದೆ ಮಹಾರಾಜರು ಶಿಕಾರಿಗೆ ಬಂದಾಗ ಇಳಿಯುತ್ತಿದ್ದ, ಈಗ ಭಾರಿ ಹೋಟೆಲಾಗಿದ್ದ ಬಂಗಲೆಯಲ್ಲಿ ಹೆಂಡತಿಯೊಡನೆ ಒಂದು ರಾತ್ರಿಯ ವಾಸ. ದಾಸಯ್ಯನಿಗೆ ಕೆರೆಯ ಆಸೆಯಿರಲಿಲ್ಲ. ಇದ್ದದ್ದು ಒಂದೇ: ಇನ್ನು ಬೆಳಗೋಡಿನ ತನ್ನ ಮನೆಯಲ್ಲಿ ಸಾಯುವವರೆಗೂ ಬೆಳಗಿನ ಎಂಟರ ತನಕ ಮಲಗಬೇಕು. ಮೊದಲ ಬೆಳಗು ಮಹಾರಾಜರ ಮಂಚದ ಮೇಲೆಯೇ ಆಗಲಿ ಎಂದುಕೊಂಡು, ಹೆಂಡತಿಯೊಡನೆ ಹೋಗಿ ಅಲ್ಲಿ ಮಲಗಿದ.

ಮರುದಿನ ಆರಕ್ಕೆ ಹೋಟೆಲಿನ ಅಂಗಳದಲ್ಲಿ ಕೆಲಸದವರನ್ನು ಕರೆಯುವ ಗಂಟೆ ಹೊಡೆಯಿತು. ದಾಸಯ್ಯನಿಗೆ ಎಚ್ಚರವಾಗಲಿಲ್ಲ; ಅವನ ಕಾಲುಗಳಿಗೆ ಆಯಿತು. ತಲೆಗೆ ಮಫ್ಲರ್ ಸುತ್ತಿ, ಹಗ್ಗ ಬಿಚ್ಚಿದ ಎತ್ತು ತಾನೇ ನೊಗದ ಬಳಿ ಹೋಗಿ ನಿಲ್ಲುವಂತೆ, ಅಂಗಳಕ್ಕೆ ಬಂದು ನಿಂತ.

“ಏನ್ರಲಾ, ಹುಣಸೆಬೀಜ ಚೆಲ್ದಂಗೆ ನಿಂತಿದೀರಿ? ಲೈನಾಗಿ ನಿಂತ್ಕಳಿ.”

ನಿಂತರು. ಹದಿನೆಂಟು ಜನರನ್ನು ಎಣಿಸಿ, ಆರು ಜನರನ್ನು ಕೆರೆಯ ಪಾಚಿ ತೆಗೆಯಲು ಅಟ್ಟಿದ ಮೇಲೆ ಅವನಿಗೆ ನಿಜವಾದ ಎಚ್ಚರವಾಯಿತು.

“ಅಯ್ಯೋ, ನಾನು ರೂಮಿನೋನು ಕಣ್ರಪ್ಪಾ. ಮಲಗಕ್ಕೆ ಬಂದೋನು.”

“ಮಲಗಕ್ಕೆ ಬಂದೋರು ಹಿಂಗೆ ಬೈತಾರಾ ಸ್ವಾಮಿ?” ಎಂದ ಮಾಲಿ ಲಕ್ಕಯ್ಯ. “ಹೊಸ ಮೇಸ್ತ್ರಿ ಬತ್ತಾರೆ ಅಂದಿದ್ರು, ನೀವೇ ಇರ್ಬೇಕು. ನಂಗೆ ನಾಳೆ ರಜ ಬೇಕಿತ್ತು.”

ರಜದ ಸುದ್ದಿ ಅಡುಗೆಮನೆ ಮುಟ್ಟಿತು. ಒಬ್ಬನಿಗೆ ಹಲ್ಲುನೋವು, ಇನ್ನೊಬ್ಬನಿಗೆ ಭಾವಮೈದುನನ ಮದುವೆ. ದೋಣಿಯವರಿಬ್ಬರು ಒಂದೇ ಹುಟ್ಟು ಹಿಡಿದು ಜಗ್ಗಾಡುತ್ತ ಬಂದರು. ದಾಸಯ್ಯ ಕೋಣೆಯತ್ತ ಒಂದು ಹೆಜ್ಜೆ ಇಟ್ಟರೆ ನಾಲ್ವರು ಅಡ್ಡ ನಿಂತರು. ಜಗಳ ಕಂಡು ತೀರ್ಮಾನ ಹೇಳದೆ ಹೋಗುವುದು ಅವನ ಕೈಲಾಗದ ಕೆಲಸ.

ಹತ್ತರ ಹೊತ್ತಿಗೆ ಕೆರೆಯ ಕಡೆಯ ಜಗಲಿಯಲ್ಲಿ ಅವನ ಹೆಂಡತಿ ಬೆಟ್ಟಮ್ಮ ಬೆಳ್ಳಿ ಚಮಚದಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಳು.

“ಲೇ ಇವ್ಳೇ, ಬಂದು ಹೇಳೇ ಇವರಿಗೆ.”

“ನಿಮ್ ಕೆಲ್ಸ ನೀವ್ ನೋಡ್ಕಳಿ. ನಾನು ಗೆಸ್ಟು.”

ಹನ್ನೆರಡಕ್ಕೆ ಹೇಗೋ ಕೋಣೆ ಹೊಕ್ಕು ಮಂಚದ ಮೇಲೆ ಬಿದ್ದ. ಕಣ್ಣು ಮುಚ್ಚುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಕೋಣೆ ಬಿಡುವ ಹೊತ್ತಾಗಿತ್ತು. ಹೊರಗೆ ಮ್ಯಾನೇಜರ್ ಸುರೇಂದ್ರ ಕೈಮುಗಿದು ನಿಂತಿದ್ದ, ಹಿಂದೆ ಬೆಟ್ಟಮ್ಮ.

“ತಪ್ಪಾಯ್ತು ಯಜಮಾನ್ರೇ, ಗೆಸ್ಟಿನ ಕೈಲಿ ಕೆಲ್ಸ ಮಾಡಿಸ್ಬುಟ್ವಿ. ಇನ್ಮೇಲೆ ನೀವು ಈ ಕೆರೆ ಬುಟ್ಟು ಹೋಗೋ ಹಂಗಿಲ್ಲ. ಇಲ್ಲೇ ಮನೆ ಕೊಡ್ತೀವಿ, ಊಟ ಕೊಡ್ತೀವಿ.”

ದಾಸಯ್ಯನ ಕಣ್ಣು ತುಂಬಿ ಬಂತು. “ಮಲಗಕ್ಕೆ?”

“ಹಾಸಿಗೆನೂ ಐತೆ. ಬೆಳಿಗ್ಗೆ ಗಂಟೆ ಮಾತ್ರ ನೀವೇ ಹೊಡೀಬೇಕು. ಐದೂವರೆಗೆ.”

ಆಗುವುದಿಲ್ಲ ಎನ್ನಲು ದಾಸಯ್ಯ ಬಾಯಿ ತೆರೆದ.

“ನಾನು ಒಪ್ಕಂಡಾಯ್ತು ಕಣ್ರೀ,” ಎಂದಳು ಬೆಟ್ಟಮ್ಮ. “ಆ ಜನನ ಬೈತಿದ್ರಲ್ಲ, ನಮ್ಮ ಮದುವೆ ದಿನನೂ ನಿಮ್ ಮುಖ ಅಷ್ಟು ಗೆಲುವಾಗಿರ್ಲಿಲ್ಲ. ಬ್ಯಾಡ ಅನ್ನಕ್ಕೆ ನಂಗೆ ಮನಸ್ಸು ಬರ್ಲಿಲ್ಲ.”

ದಾಸಯ್ಯ ಮಂಚದ ಮೇಲಿದ್ದ ಮಫ್ಲರ್ ಎತ್ತಿ ತಲೆಗೆ ಸುತ್ತಿಕೊಂಡ.

“ಈಗೆಲ್ಲವ್ರೆ ರೈಟ್ರು?” ಎಂದು ಕೇಳಿದಳು, ಕಣದಲ್ಲಿ ಕೂತು ಕತೆ ಕೇಳುತ್ತಿದ್ದ ಗುರುಶಾಂತಮ್ಮ.

“ಅಲ್ಲೇ. ಗೆಸ್ಟುಗಳು ಬಿಸಿಲೇರೋ ಗಂಟ ಮಲಗಿರ್ತಾರಲ್ಲ, ಅವರ ನಿದ್ದೆ ಕೆಡಬಾರ್ದು ಅಂತ ರೈಟ್ರು ಬಾಗ್ಲ ಮುಂದೆ ಚಪ್ಲಿ ಕೈಲಿ ಹಿಡ್ಕಂಡು ನಡೀತಾರಂತೆ,” ಎಂದರು ಇಂದ್ರಮ್ಮ.

ಹೆಂಗಸರು ಸೀರೆಗೆ ಅಂಟಿದ ಕಾಫಿ ಸಿಪ್ಪೆ ಕೊಡವಿಕೊಂಡು ಎದ್ದರು. ಒಬ್ಬೊಬ್ಬರಾಗಿ ಮನೆಯ ದಾರಿ ಹಿಡಿದರು.