ಕ್ರೊಮ್ಯಾಟಿನ್ ಪಾಠಕ್ಕೆ ಹೋದ ರೇಷ್ಮೆ ಸೀರೆ

ನಾನು ನಂಜನಗೂಡಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುತ್ತಿದ್ದವನು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ತಿ. ನರಸೀಪುರದಲ್ಲಿ ಜೀವಶಾಸ್ತ್ರದ ಮೇಷ್ಟ್ರುಗಳಿಗೆ ಒಂದು ದಿನದ ತರಬೇತಿ ಇಟ್ಟು, ಉಪನ್ಯಾಸಕ್ಕೆ ನನ್ನನ್ನು ಕರೆದರು. ಡಿಎನ್‌ಎಗೆ ಅಂಟಿಕೊಳ್ಳುವ ಪ್ರೋಟೀನುಗಳು ಅದನ್ನು ಹೇಗೆ ಮಡಿಸುತ್ತವೆ, ಆ ಮಡಿಕೆಯಿಂದಾಗಿ ಯಾವ ಜೀನ್ ಕೆಲಸ ಮಾಡುತ್ತದೆ, ಯಾವುದು ಸುಮ್ಮನಿರುತ್ತದೆ ಎಂಬುದು ವಿಷಯ. ಇದನ್ನು ನನ್ನಷ್ಟು ಸರಳವಾಗಿ ಹೇಳಬಲ್ಲವರು ಜಿಲ್ಲೆಯಲ್ಲೇ ಇಲ್ಲವೆಂದು ನನಗೆ ಖಾತ್ರಿಯಿತ್ತು. ಬೇರೆ ಯಾರನ್ನೂ ವಿಚಾರಿಸಿರಲಿಲ್ಲ.

ಅದೇ ಸಂಜೆ ಅದೇ ಊರಿನಲ್ಲಿ ನನ್ನ ಭಾವಮೈದ ಮಹದೇವನ ಮಗಳ ನಿಶ್ಚಿತಾರ್ಥ. ಹುಡುಗಿಯ ಸೋದರತ್ತೆ ಎಂದರೆ ನನ್ನ ಹೆಂಡತಿ ನಾಗರತ್ನ. ತಟ್ಟೆ ಹಿಡಿದು ಮುಂದೆ ನಿಲ್ಲಬೇಕಾದವಳು. ಅದಕ್ಕೆಂದೇ ಮಹದೇವ ಅಕ್ಕನಿಗೆ ರೇಷ್ಮೆ ಸೀರೆ ಕೊಡಿಸಿದ್ದ. ಸೆರಗಿನ ತುಂಬ ಜರಿಯ ನವಿಲು. ರವಿಕೆ ಇನ್ನೂ ಟೈಲರ್ ಹತ್ತಿರವಿತ್ತು. ಅವಳು ಉಡುಗೊರೆಯ ಪಾತ್ರೆಗಳನ್ನು ಹೊತ್ತು ಬೆಳಗಿನ ಬಸ್ಸಿಗೆ ತಮ್ಮನ ಮನೆಗೆ ಹೊರಟು, ಸೀರೆಯನ್ನು ನನ್ನ ಚೀಲದಲ್ಲಿಟ್ಟಳು.

"ರವಿಕೆ ಇಸ್ಕೊಂಡು, ಎರಡನ್ನೂ ಸೀದಾ ಮನೆಗೆ ತಂದುಕೊಡಿ. ನಡುವೆ ಎಲ್ಲೂ ಬಿಚ್ಚಬೇಡಿ," ಎಂದಳು.

"ಸೀರೆ ಬಿಚ್ಚಿ ನಾನೇನು ಮಾಡಲಿ?" ಎಂದು ನಕ್ಕೆ.

ಪಾಠಕ್ಕೆಂದು ನಾನು ಬಟ್ಟೆ ಒಣಹಾಕುವ ಹಗ್ಗ ಕಳಚಿ ಸುತ್ತಿಟ್ಟಿದ್ದೆ. ಅದೇ ಡಿಎನ್‌ಎ. ತಿ. ನರಸೀಪುರದ ಸಭಾಂಗಣದಲ್ಲಿ ಚೀಲಕ್ಕೆ ಕೈಹಾಕಿದರೆ ಹಗ್ಗವಿಲ್ಲ. ನಾಗರತ್ನ ಅದರಲ್ಲಿ ಉಡುಗೊರೆಯ ಪಾತ್ರೆಗಳನ್ನು ಬಿಗಿದು ಕೊಂಡೊಯ್ದಿದ್ದಳು. ಎದುರಿಗೆ ಮೇಷ್ಟ್ರುಗಳು ಪೆನ್ನು ತೆರೆದು ಕೂತಿದ್ದರು. ಚೀಲದಲ್ಲಿ ಉದ್ದವಾದದ್ದು ಅಂತ ಇದ್ದದ್ದು ಒಂದೇ. ವಿಜ್ಞಾನದ ಹಿತದೃಷ್ಟಿಯಿಂದ ಅದನ್ನು ಹೊರತೆಗೆದೆ.

"ನಮ್ಮ ಒಂದೊಂದು ಜೀವಕೋಶದಲ್ಲೂ ಆಳುದ್ದದ ಡಿಎನ್‌ಎ ಇದೆ. ಕಣ್ಣಿಗೆ ಕಾಣದ ಜಾಗದಲ್ಲಿ ಅಷ್ಟುದ್ದ ಹಿಡಿಸಬೇಕಾದರೆ ಮಡಿಸಲೇಬೇಕು. ಹಾಗೆ ಪ್ರೋಟೀನುಗಳೊಂದಿಗೆ ಮಡಿಸಿಕೊಂಡು ಕೂತ ಡಿಎನ್‌ಎಯೇ ಕ್ರೊಮ್ಯಾಟಿನ್. ಸೆರಗಿನ ಈ ನವಿಲು ಒಂದು ಜೀನ್ ಅನ್ನಿ. ಅದರ ಸ್ವಿಚ್ಚು ದೂರದಲ್ಲಿ, ಸೀರೆಯ ಆ ತುದಿಯಲ್ಲಿ. ಪ್ರೋಟೀನು ನಡುವಿನದನ್ನೆಲ್ಲ ಕುಣಿಕೆ ಮಾಡಿ ಎರಡನ್ನೂ ಹತ್ತಿರ ತಂದು ಹಿಡಿದರೆ ಜೀನ್ ಎಚ್ಚರಗೊಳ್ಳುತ್ತದೆ. ಮಡಿಕೆಯೊಳಗೆ ಬಿಗಿಯಾಗಿ ಸೇರಿಹೋದರೆ ಅದನ್ನು ಓದುವವರೇ ಇಲ್ಲ."

ಸಭೆ ತಲೆದೂಗಿತು. ಉಮೇದಿನಲ್ಲಿ ನಾಲ್ಕಾರು ಜನರನ್ನು ಮೇಲೆ ಕರೆದು ಪ್ರೋಟೀನು ಮಾಡಿದೆ. ಹೆಡತಲೆ ಹಳ್ಳಿಯ ಕಡೆಯ ಶಿವಣ್ಣ ಎಂಬ ಮೇಷ್ಟ್ರಿಗೆ ನವಿಲಿನ ಜವಾಬ್ದಾರಿ ಬಿತ್ತು.

"ಸಾ, ರೇಷ್ಮೆ ಜಾರ್ತದೆ. ಡಿಎನ್‌ಎ ನಿಲ್ತಿಲ್ಲ," ಎಂದರು.

"ಹೇಗಾದರೂ ಹಿಡೀರಿ. ಪ್ರೋಟೀನು ಕೈಬಿಟ್ಟರೆ ಜೀನ್ ಮಲಗಿಬಿಡುತ್ತೆ," ಎಂದು ನಾನು ಬೋರ್ಡಿನ ಕಡೆ ತಿರುಗಿದೆ.

ಬೆನ್ನ ಹಿಂದೆ ಟಕ್ ಟಕ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ಶಿವಣ್ಣನ ಕೈಯಲ್ಲಿ ಮೇಜಿನ ಮೇಲಿದ್ದ ಸ್ಟೇಪ್ಲರ್.

"ಇನ್ನು ಜಪ್ಪಯ್ಯ ಅಂದ್ರೂ ಬುಡಕ್ಕಿಲ್ಲ ಸಾ," ಎಂದರು. ಜೋರು ಚಪ್ಪಾಳೆ ಬಿತ್ತು. ನಾನು ಕೈಮುಗಿಯಬೇಕಾಯಿತು.

ಮಹದೇವನ ಮನೆಯ ಒಳಕೋಣೆಯಲ್ಲಿ ನಾಗರತ್ನ ಚೀಲ ತೆರೆದಳು. ಸೀರೆ ಒಂದೇ ಮುದ್ದೆಯಾಗಿ ಹೊರಬಂತು.

"ಏನ್ರೀ ಇದು?"

"ಕ್ರೊಮ್ಯಾಟಿನ್."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಬಿಚ್ಚಿ," ಎಂದಳು, ಅಷ್ಟೆ. ಬೀಗದ ಕೈಯಲ್ಲಿ ಮೀಟಿದೆ, ಉಗುರಿನಲ್ಲಿ ಕಿತ್ತೆ. ಒಂದೊಂದು ಪಿನ್ನೂ ಬರುವಾಗ ಜರಿಯ ಎಳೆಯನ್ನು ಜೊತೆಗೇ ಕರೆದುಕೊಂಡು ಬಂತು. ಕೊನೆಗೆ ನವಿಲಿಗೆ ಕತ್ತು ಉಳಿಯಲಿಲ್ಲ. ಹೊರಗೆ ಗಂಡಿನ ಕಡೆಯವರು ಬಂದ ಸದ್ದು. ನಾಗರತ್ನ ಸೀರೆಯನ್ನು ಹಿಂದುಮುಂದು ಮಾಡಿ ಉಟ್ಟಳು. ಸೆರಗು ಸೊಂಟದೊಳಗೆ, ಒಳತುದಿ ಹೆಗಲ ಮೇಲೆ. ರವಿಕೆಯೇನೋ ಅಳತೆಗೆ ಸರಿಯಾಗಿತ್ತು. ಅದನ್ನು ಹೇಳಿದೆ. ಅವಳು ತಟ್ಟೆ ಎತ್ತಿಕೊಂಡು ಹೊರನಡೆದಳು.

ತಟ್ಟೆ ಹಿಡಿದು ನಿಂತ ಅಕ್ಕನನ್ನು ಮಹದೇವ ಮೇಲಿಂದ ಕೆಳಗೆ ನೋಡಿದ. "ಅಕ್ಕ, ನವಿಲೆಲ್ಲಿ?"

ಅವಳು ನನ್ನತ್ತ ನೋಡಿದಳು. ನಾನು ಡಿಎನ್‌ಎಯಿಂದ ಶುರುಮಾಡಿ ಕುಣಿಕೆಯವರೆಗೆ ಬಂದೆ.

"ಭಾವ, ನವಿಲು ಅದೋ ಇಲ್ವೋ?"

"ಇದೆ ಕಣಪ್ಪ. ಮಡಿಕೆಯೊಳಗಿದೆ."

ಬೀಗರಾಗಲಿದ್ದವರು ಹತ್ತಿರ ಬಂದರು. "ಏನಾದ್ರೂ ತೊಂದ್ರೆಯಾ?"

"ಏನಿಲ್ಲ ಸಾ," ಎಂದ ಮಹದೇವ. "ನಮ್ಮ ಭಾವ ಮೇಷ್ಟ್ರು."

ಅವರಿಗೆ ಎಲ್ಲ ಅರ್ಥವಾದಂತೆ ಕಂಡಿತು. ಸಂಬಂಧವೂ ಮುರಿಯಲಿಲ್ಲ.

ಕೆಲವು ತಿಂಗಳಾದ ಮೇಲೆ ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಶಿವಣ್ಣ ಸಿಕ್ಕರು. ನಾಗರತ್ನ ಜೊತೆಯಲ್ಲಿದ್ದಳು.

"ಸಾ, ನಿಮ್ ಪಾಠ ಇನ್ನೂ ಕಣ್ಣಿಗೆ ಕಟ್ದಂಗದೆ," ಎಂದರು.

ಅವಳಿಗೂ ಕೇಳಿಸಲೆಂದು ಗಟ್ಟಿಯಾಗಿ ಕೇಳಿದೆ, "ಯಾವ ಭಾಗ ಹಿಡಿಸ್ತು ಶಿವಣ್ಣ?"

"ಸೀರೆ ಸಾ. ಎಲ್ಲಿ ತಕೊಂಡ್ರು ಅಂತ ನಮ್ಮನೆಯವ್ಳು ಕೇಳ್ತಾನೇ ಅವ್ಳೆ."

ನಾಗರತ್ನ ಅಂಗಡಿಯ ದಾರಿ ಹೇಳಿದಳು. ಶಿವಣ್ಣನಿಗೆ ಅದು ಒಂದೇ ಸಲಕ್ಕೆ ಅರ್ಥವಾಯಿತು.